ಮನೆ ಅಡಿಯಲ್ಲೇ ಕಲ್ಲಿದ್ದಲು ತೆಗೆಯುತ್ತಾರಂತೆ, ಒರತೆ ನೀರನ್ನು ಈಗಲೇ ಹೇಗೆ ಅಳೆದಿಡೋದು?

ಅಬ್ಬಿಮನೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಪಿಟ್ಸ್‌ಬರ್ಗ್‌ನಿಂದ ನೈರುತ್ಯಕ್ಕಿರುವ ವಾಷಿಂಗ್ಟನ್ ಕೌಂಟಿ. ವೈಟ್‌ಹೌಸ್ ಇರುವ ವಾಷಿಂಗ್ಟನ್ ಅಲ್ಲ, ಊರಿನಿಂದ ಫೋನ್ ಮಾಡುವವರಿಗೆಲ್ಲ ಇದನ್ನು ಹೇಳಿ ಹೇಳಿ ಸಾಕಾಗಿದೆ. 2017ರಲ್ಲಿ ಇಲ್ಲೊಂದು ಹಳೇ ರೈತರ ಮನೆ, ಜೊತೆಗೆ ಏಳು ಎಕರೆ ಗುಡ್ಡ ಕೊಂಡೆವು. ನಲ್ಲಿ ನೀರಿನ ಲೈನ್ ಈ ರಸ್ತೆಗೆ ಬಂದಿಲ್ಲ. ಮನೆ ಹಿಂದಿನ ಗುಡ್ಡದ ಬುಡದಲ್ಲಿ ಒಂದು ಒರತೆ ಇದೆ, ಅದರ ಮೇಲೆ ಕಲ್ಲಿನ ಪುಟ್ಟ ಗೂಡು ಕಟ್ಟಿದ್ದಾರೆ. ಫ್ರಿಜ್ ಇಲ್ಲದ ಕಾಲದಲ್ಲಿ ಹಾಲು, ಬೆಣ್ಣೆ ಕೆಡದಂತೆ ಆ ತಣ್ಣನೆ ನೀರಿನಲ್ಲಿ ಇಡುತ್ತಿದ್ದರಂತೆ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಎಲ್ಲಕ್ಕೂ ನಮಗೆ ಅದೇ ನೀರು. ಉಳಿದದ್ದು ಹರಿದು ಕೆಳಗಿನ ಹಳ್ಳ ಸೇರುತ್ತದೆ.

ನಾನು ಕೊಪ್ಪದ ಕಡೆಯವಳು, ಅಬ್ಬಿ ನೀರು ಕುಡಿದೇ ಬೆಳೆದವಳು. ಅಮ್ಮ ಇಲ್ಲಿಗೆ ಬಂದಾಗ ಮೊದಲ ದಿನವೇ ಆ ಕಲ್ಲಿನ ಗೂಡಿನೊಳಗೆ ಬಗ್ಗಿ ಬೊಗಸೆಯಲ್ಲಿ ನೀರು ಕುಡಿದು, "ನಮ್ಮನೆ ಅಬ್ಬಿಗಿಂತ ಒಂಚೂರು ಗಡಸು, ಆದ್ರೆ ಬೇಳೆ ಬೇಯುತ್ತೆ ಬಿಡು" ಎಂದಿದ್ದರು. ಈ ಮನೆ ಕೊಂಡದ್ದಕ್ಕೆ ಅರ್ಧ ಕಾರಣ ಆ ಒರತೆಯೇ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ಗಣಿ ಕಂಪನಿಯಿಂದ ಕಾಗದ ಬಂತು. ಇನ್ನೊಂದು ಒಂದೂವರೆ ವರ್ಷದಲ್ಲಿ ನಮ್ಮ ಗುಡ್ಡದ ಅಡಿಯಲ್ಲಿ ಲಾಂಗ್‌ವಾಲ್ ಗಣಿ, ಅಂದರೆ ಕಲ್ಲಿದ್ದಲ ಪದರವನ್ನು ಪೂರ್ತಿ ಕೆರೆದು ತೆಗೆಯುವ ಗಣಿ, ಹಾದುಹೋಗುತ್ತದಂತೆ. ನೆಲ ನಮ್ಮದು, ಅದರಡಿಯ ಕಲ್ಲಿದ್ದಲು ನಮ್ಮದಲ್ಲ, ಅದನ್ನು ಯಾವುದೋ ಕಾಲದಲ್ಲಿ ಯಾರೋ ಮಾರಿಬಿಟ್ಟಿದ್ದಾರೆ. ಹಾಗಾಗಿ ಬೇಡ ಅನ್ನುವ ಹಕ್ಕು ನಮಗಿಲ್ಲ. ಗಣಿಗೆ ಮೊದಲು ಅವರೇ ಬಂದು ಒರತೆ, ಹಳ್ಳ ಎರಡರ ನೀರನ್ನೂ ಪುಕ್ಕಟೆಯಾಗಿ ಪರೀಕ್ಷೆ ಮಾಡುತ್ತಾರಂತೆ.

ನನ್ನ ಪ್ರಶ್ನೆಗಳು ಇಷ್ಟೇ. ಅವರು ಮಾಡುವ ಪರೀಕ್ಷೆ ಸಾಕಾ? ಇಲ್ಲವೆಂದರೆ ನಾವೇ ಏನನ್ನು ಅಳೆಯಬೇಕು, ಎಷ್ಟು ದಿನಕ್ಕೊಮ್ಮೆ? ಆನ್‌ಲೈನ್‌ನಲ್ಲಿ 15 ಡಾಲರ್‌ಗೆ ಸಿಗುವ ಟಿಡಿಎಸ್ ಪೆನ್ (ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುತ್ತದಂತೆ) ಸಾಲುತ್ತದಾ? ನಮ್ಮ ಯಜಮಾನರು "ಸುಮ್ನೆ ತಲೆ ಕೆಡಿಸ್ಕೋಬೇಡ, ಅವರೇ ಮಾಡ್ತಾರಲ್ಲ" ಅನ್ನುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಹಳೇಲ್ಯಾಬು:

ಮೇಡಂ, ನಿಮ್ಮ ಮನಸ್ಸು ಹೇಳಿದ್ದೇ ಸರಿ. ನಾನು ಕರ್ನಾಟಕದಲ್ಲಿ 31 ವರ್ಷ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದವನು, ಈಗ ನಿವೃತ್ತ. ಒಂದು ಸಲದ ಪರೀಕ್ಷೆ ಅಂದರೆ ಒಂದು ಫೋಟೋ ಇದ್ದ ಹಾಗೆ. ಮಗುವಿಗೆ ಜ್ವರ ಬಂದ ದಿನ ತೆಗೆದ ಫೋಟೋ ತೋರಿಸಿ, ಇದು ಯಾವಾಗಲೂ ಹೀಗೇ ಸೊರಗಿತ್ತು ಅಂತ ನಾಳೆ ಯಾರಾದರೂ ವಾದ ಮಾಡಬಹುದು. ಒರತೆ ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಒಂದು ಥರ, ಹಿಮ ಕರಗುವಾಗ ಇನ್ನೊಂದು ಥರ ಇರುತ್ತದೆ. ಗಣಿ ಬರುವ ಮೊದಲು ಕಡಿಮೆ ಅಂದರೆ ಒಂದು ಪೂರ್ತಿ ವರ್ಷದ ಲೆಕ್ಕ ನಿಮ್ಮ ಕೈಯಲ್ಲಿರಬೇಕು. ನಿಮಗೆ ಒಂದೂವರೆ ವರ್ಷ ಟೈಮ್ ಇದೆ, ಅದೃಷ್ಟ.

ಮೊದಲು ಏನಾಗುತ್ತದೆ ಅಂತ ತಿಳಿದುಕೊಳ್ಳಿ. ಕಲ್ಲಿದ್ದಲಿನ ಜೊತೆ, ಅದರ ಮೇಲೆ ಕೆಳಗಿನ ಬಂಡೆಯಲ್ಲಿ ಪೈರೈಟ್ ಇರುತ್ತದೆ. ಕಬ್ಬಿಣ, ಗಂಧಕ ಸೇರಿದ ಖನಿಜ, ನೋಡಲು ಚಿನ್ನದ ಹಾಗೆ ಹೊಳೆಯುತ್ತದೆ. ನೆಲದೊಳಗೆ ಮುಚ್ಚಿಕೊಂಡಿರುವವರೆಗೆ ಅದು ಸಾಧು. ಗಾಳಿ, ನೀರು ಎರಡೂ ಸೋಕಿದವೋ, ಗಂಧಕದ ಆಮ್ಲ ಹುಟ್ಟುತ್ತದೆ, ಕಬ್ಬಿಣ ಕರಗಿ ನೀರಿಗೆ ಬರುತ್ತದೆ. ಇದನ್ನು ಜೋರು ಮಾಡುವ ಬ್ಯಾಕ್ಟೀರಿಯಾಗಳೂ ಇವೆ, ಅವಕ್ಕೆ ಆ ಆಮ್ಲವೇ ಊಟದ ಮನೆ. ಆ ನೀರು ಹೊರಗೆ ಬಂದು ಗಾಳಿ ಕಂಡಾಗ ಕಬ್ಬಿಣ ತುಕ್ಕಾಗಿ ಹಳ್ಳದ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ರಾಡಿಯಾಗಿ ಕೂರುತ್ತದೆ. ನಿಮ್ಮ ಕಡೆ ಅದಕ್ಕೆ ಯೆಲ್ಲೋ ಬಾಯ್ ಅನ್ನುತ್ತಾರೆ. ಪೆನ್ಸಿಲ್ವೇನಿಯಾ ಒಂದರಲ್ಲೇ 5,500 ಮೈಲಿಗೂ ಹೆಚ್ಚು ಹಳ್ಳ, ಹೊಳೆಗಳು ಹಳೇ ಗಣಿಗಳ ನೀರಿನಿಂದ ಕೆಟ್ಟಿವೆ.

ಆದರೆ ಎಲ್ಲರೂ ಎಡವುವುದು ಇಲ್ಲೇ. ದಾರಿಯಲ್ಲಿ ಸುಣ್ಣದಕಲ್ಲು ಸಿಕ್ಕಿದರೆ ಆಮ್ಲ ಅಲ್ಲೇ ಇಂಗಿ ಹೋಗುತ್ತದೆ. ಪಿಎಚ್ (ನೀರು ಆಮ್ಲವೋ ಕ್ಷಾರವೋ ಅಂತ ಹೇಳುವ ಅಂಕಿ, 7 ಅಂದರೆ ನಡುಮಧ್ಯ) ನೋಡಿದರೆ 7.2, 7.4, ಪರಮ ಸಾಧು. ಸಲ್ಫೇಟ್ ಮಾತ್ರ ಎಲ್ಲೂ ಹೋಗುವುದಿಲ್ಲ. ಆಮ್ಲ ಸತ್ತರೂ ಸಲ್ಫೇಟ್ ಸಾಕ್ಷಿಯಾಗಿ ನೀರಿನಲ್ಲೇ ಉಳಿಯುತ್ತದೆ. ಹಾಗಾಗಿ ಲ್ಯಾಬಿಗೆ ಕಳಿಸುವಾಗ ಸಲ್ಫೇಟ್, ಕಬ್ಬಿಣ, ಮ್ಯಾಂಗನೀಸ್, ಅಲ್ಯುಮಿನಿಯಂ, ಕ್ಷಾರತೆ, ಗಡಸುತನ, ಕ್ಲೋರೈಡ್, ಸೋಡಿಯಂ ಇಷ್ಟನ್ನೂ ಕೇಳಿ. ಕುಡಿಯುವ ನೀರಲ್ವಾ, ಕೋಲಿಫಾರಂ ಬ್ಯಾಕ್ಟೀರಿಯಾ ಕೂಡ. ನಿಮ್ಮ ದೇಶದ ಅಳತೆಯಲ್ಲಿ ರುಚಿ, ಕಲೆಯ ಮಟ್ಟ ಅಂತ ಇಟ್ಟಿರುವುದು ಲೀಟರಿಗೆ ಸಲ್ಫೇಟ್ 250 ಮಿಲಿಗ್ರಾಂ, ಕಬ್ಬಿಣ 0.3, ಮ್ಯಾಂಗನೀಸ್ 0.05. ಆ ಮಟ್ಟ ದಾಟಿತಾ ಅನ್ನುವುದಕ್ಕಿಂತ, ನಿಮ್ಮ ನೀರಿನ ಮಾಮೂಲಿ ಅಂಕಿ ಎಷ್ಟಿತ್ತು, ಈಗ ಎಷ್ಟಾಯಿತು ಅನ್ನುವುದೇ ನಿಮಗೆ ಮುಖ್ಯ. 18 ಇದ್ದ ಸಲ್ಫೇಟ್ 140 ಆದರೆ ಕಾನೂನಿನ ಪ್ರಕಾರ ನೀರು ಚೆನ್ನಾಗೇ ಇದೆ, ಆದರೆ ಅದು ನಿಮ್ಮ ನೀರಲ್ಲ.

ಸ್ಯಾಂಪಲ್ ತೆಗೆಯುವ ವಿಷಯ. ಬಾಟಲಿ ಲ್ಯಾಬಿನವರೇ ಕೊಡುತ್ತಾರೆ, ಅದನ್ನೇ ಬಳಸಿ. ಲೋಹಗಳ ಬಾಟಲಿಯಲ್ಲಿ ತಳಕ್ಕೆ ನಾಲ್ಕು ಹನಿ ನೈಟ್ರಿಕ್ ಆಮ್ಲ ಹಾಕಿರುತ್ತಾರೆ, ಅಯ್ಯೋ ಗಲೀಜು ಅಂತ ತೊಳೆದುಬಿಡಬೇಡಿ. ನಮ್ಮಲ್ಲಿ ಒಬ್ಬ ಹುಡುಗ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ನೀರು ಹಿಡಿದು ಎರಡು ದಿನ ಜೀಪಿನಲ್ಲೇ ಬಿಟ್ಟಿದ್ದ. ಕಬ್ಬಿಣವೆಲ್ಲ ತುಕ್ಕಾಗಿ ತಳಕ್ಕೆ ಅಂಟಿತ್ತು. ಮೇಲಿನ ತಿಳಿ ನೀರನ್ನು ಪರೀಕ್ಷೆ ಮಾಡಿ "ಕಬ್ಬಿಣ ಇಲ್ಲ" ಎಂದು ಬರೆದುಕೊಂಡು ಬಂದ. ಆಮ್ಲ ಹಾಕುವುದು ಇದಕ್ಕೇ, ಕಬ್ಬಿಣ ಕರಗಿದ ಹಾಗೇ ಇರಲಿ ಅಂತ. ಇನ್ನು ಪಿಎಚ್, ಉಷ್ಣತೆ ಎರಡನ್ನೂ ಒರತೆಯ ಪಕ್ಕದಲ್ಲೇ ಅಳೆಯಬೇಕು. ನೆಲದಿಂದ ಬಂದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಇರುತ್ತದೆ, ಮನೆಗೆ ತರುವಷ್ಟರಲ್ಲಿ ಅದು ಹಾರಿಹೋಗಿ ಪಿಎಚ್ ಏರಿರುತ್ತದೆ.

ಟಿಡಿಎಸ್ ಪೆನ್ ಬಗ್ಗೆ. ಅದು ಟಿಡಿಎಸ್ ಅಳೆಯುವುದೇ ಇಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ, ಅದನ್ನು 0.5ರಿಂದಲೋ 0.7ರಿಂದಲೋ ಗುಣಿಸಿ ತೋರಿಸುತ್ತದೆ. ಹಾಗಾಗಿ ಒಂದೇ ಲೋಟದ ನೀರಿಗೆ ಒಂದು ಪೆನ್ 215 ಅಂದರೆ ಇನ್ನೊಂದು 301 ಅನ್ನುತ್ತದೆ, ಎರಡೂ ಸುಳ್ಳಲ್ಲ. ಇನ್ನೊಂದು 40-50 ಡಾಲರ್ ಹಾಕಿ, ಕಂಡಕ್ಟಿವಿಟಿಯನ್ನೇ ನೇರವಾಗಿ ಮೈಕ್ರೋಸೀಮೆನ್ಸ್‌ನಲ್ಲಿ ತೋರಿಸುವ ಮೀಟರ್ ತೊಗೊಳ್ಳಿ. ಜೊತೆಗೆ ಅದನ್ನು ಸರಿಪಡಿಸುವ ದ್ರಾವಣದ ಬಾಟಲಿ ಒಂದು. ಮೀಟರ್ ಕೊಂಡು ದ್ರಾವಣ ಕೊಳ್ಳದವರನ್ನು ಕಂಡರೆ ನನಗೆ ಆಗುವುದಿಲ್ಲ, ತಕ್ಕಡಿ ಕೊಂಡು ತೂಕದ ಕಲ್ಲು ಬಿಟ್ಟು ಬಂದ ಹಾಗೆ.

ಕುದುರೆಮುಖದ ವಿಷಯ ಯಾರಾದರೂ ಎತ್ತುತ್ತಾರೆ ಅಂತ ಗೊತ್ತು, ನಾನೇ ಹೇಳಿಬಿಡುತ್ತೇನೆ. ಅಲ್ಲಿದ್ದದ್ದು ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಅದಿರು. ಭದ್ರೆಗೆ ಬಂದ ದೊಡ್ಡ ತೊಂದರೆ ಹೂಳು ಮತ್ತು ಕೆಸರು, ಆಮ್ಲವಲ್ಲ. 2005ರ ಕೊನೆಗೆ ಆ ಗಣಿ ನಿಂತಿತು. ಇದಕ್ಕೂ ಅದಕ್ಕೂ ಹೋಲಿಕೆ ಬೇಡ.

ಸಿಟಿಬಾಯ್:

ಇಷ್ಟೆಲ್ಲ ಒದ್ದಾಟ ಯಾಕೆ, ಮನೆ ಮಾರಿ ಪೇಟೆಗೆ ಬನ್ನಿ.

ಅಬ್ಬಿಮನೆ:

@ಸಿಟಿಬಾಯ್ ಗಣಿಯ ಕಾಗದ ಬಂದ ಮನೆಯನ್ನು ನೀವು ಕೊಳ್ಳುತ್ತೀರಾ? ರೇಟ್ ಹೇಳಿ.

ಬೆಟ್ಟದತುದಿ:

ಅಕ್ಕ, ನಾನು ನಿಮ್ಮ ಪಕ್ಕದ ಗ್ರೀನ್ ಕೌಂಟಿಯವನು. ಮೂಲ ಸಕಲೇಶಪುರ. ನೀವು ಹೇಳಿದ್ದೆಲ್ಲ ನಮ್ಮ ಮನೆಯಲ್ಲಿ ನಡೆದು ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೇಲಿನ ಸರ್ ನೀರಿನ ಗುಣದ ಬಗ್ಗೆ ಹೇಳಿದರು. ನಾನು ಹೇಳುವುದು ನೀರಿನ ಪ್ರಮಾಣದ ಬಗ್ಗೆ. ಲಾಂಗ್‌ವಾಲ್ ಕೆಳಗೆ ಹಾದುಹೋದರೆ ಮೊದಲು ಕೆಡುವುದು ನೀರಿನ ರುಚಿ ಅಲ್ಲ, ನೀರೇ ಇರುವುದಿಲ್ಲ. ನೆಲ ಮೂರು ನಾಲ್ಕು ಅಡಿ ಕುಸಿಯುತ್ತದೆ, ಬಂಡೆ ಸೀಳುತ್ತದೆ, ಒರತೆ ಆ ಸೀಳಿನಲ್ಲಿ ಇಳಿದು ಗುಡ್ಡದ ಇನ್ನೂ ಕೆಳಗೆಲ್ಲೋ ಏಳುತ್ತದೆ, ಇಲ್ಲವೇ ಏಳುವುದೇ ಇಲ್ಲ. ನಮ್ಮದು ಒಂಬತ್ತೇ ದಿನದಲ್ಲಿ ಒಣಗಿತು. ಬೆಳಿಗ್ಗೆ ಕಾಫಿಗೆ ನಲ್ಲಿ ತಿರುಗಿಸಿದರೆ ಪೈಪು ಕೆಮ್ಮಿದ ಸದ್ದು ಬಂತು, ನೀರು ಬರಲಿಲ್ಲ. ಹೋಗಿ ನೋಡಿದರೆ ಒರತೆಯ ಗುಂಡಿಯಲ್ಲಿ ಒದ್ದೆ ಮರಳು, ಅದರ ಮೇಲೆ ಹಲ್ಲಿಯ ಹಾಗೆ ಕಾಣುವ ಒಂದು ಸಣ್ಣ ಸಾಲಮಾಂಡರ್ ಒದ್ದಾಡುತ್ತಿತ್ತು. ಅದನ್ನು ಲೋಟದಲ್ಲಿ ಎತ್ತಿಕೊಂಡು ಕೆಳಗಿನ ಹೊಳೆಗೆ ಬಿಟ್ಟು ಬಂದೆ.

ಕಂಪನಿಯವರು ಅವತ್ತೇ ಸಂಜೆ ಅಂಗಳಕ್ಕೆ ದೊಡ್ಡ ಪ್ಲಾಸ್ಟಿಕ್ ಟ್ಯಾಂಕ್ ತಂದು ಇಟ್ಟರು, ಅದಕ್ಕೆ ಲಾರಿಯಲ್ಲಿ ನೀರು ತುಂಬುತ್ತಾರೆ. ಇಲ್ಲಿನ ಜನ ಅದಕ್ಕೆ ವಾಟರ್ ಬಫಲೋ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಎಮ್ಮೆ. "ಎಮ್ಮೆಗೆ ನೀರು ಹಾಕಿ ಹೋದ್ರಾ?" ಅಂತ ದಿನಾ ಕೇಳುವುದು. ಮೊದಲು ತಮಾಷೆಯಾಗಿತ್ತು. ಎರಡು ಚಳಿಗಾಲ ಅದರ ಪೈಪು ಹೆಪ್ಪುಗಟ್ಟಿದ ಮೇಲೆ ತಮಾಷೆ ಹೋಯಿತು.

ಜಗಳ ಆಗಿದ್ದು ಎಲ್ಲಿ ಅಂದರೆ, ಮೊದಲು ನಿಮಗೆ ಎಷ್ಟು ನೀರಿತ್ತು ಅನ್ನುವುದರಲ್ಲಿ. ಗಣಿಗೆ ಮುಂಚಿನ ಸರ್ವೆಗೆ ಅವರು ಬಂದದ್ದು ಸೆಪ್ಟೆಂಬರ್ ಕೊನೆಗೆ, ಮಳೆ ಕಡಿಮೆಯಾದ ವರ್ಷ. ಅವತ್ತಿನ ಹರಿವನ್ನು ಬರೆದುಕೊಂಡು ಹೋದರು. ನನ್ನ ಹತ್ತಿರ ಬೇರೆ ಯಾವ ಲೆಕ್ಕವೂ ಇರಲಿಲ್ಲ. ಏಪ್ರಿಲ್‌ನಲ್ಲಿ ಇದರ ನಾಲ್ಕರಷ್ಟು ಬರುತ್ತಿತ್ತು ಸ್ವಾಮಿ ಅಂದೆ, ಸಾಕ್ಷಿ ಎಲ್ಲಿ ಅಂದರು. ನಮ್ಮ ಹೆಂಡತಿ ಮಗನ ಹುಟ್ಟುಹಬ್ಬದ ಒಂದು ವಿಡಿಯೋ ಹುಡುಕಿ ತೆಗೆದಳು, ಹಿಂದೆ ಒರತೆಯ ಪೈಪು ದೊಡ್ಡದಾಗಿ ಸುರಿಯುವುದು ಕಾಣುತ್ತಿತ್ತು. ಅದೊಂದೇ ನಮಗಿದ್ದ ದಾಖಲೆ!

ಹಾಗಾಗಿ ಅಕ್ಕ, ಬಕೆಟ್ ಮತ್ತು ಮೊಬೈಲಿನ ಸ್ಟಾಪ್‌ವಾಚ್. ಇದಕ್ಕಿಂತ ಒಳ್ಳೆ ಯಂತ್ರ ಇಲ್ಲ. ಐದು ಗ್ಯಾಲನ್ ಬಕೆಟ್ ಅಂದರೆ 19 ಲೀಟರ್. ಮೂರು ಸಲ ತುಂಬಿಸಿ, ಮೂರರ ಸರಾಸರಿ ಬರೆದಿಡಿ. ವಾರಕ್ಕೊಮ್ಮೆ, ಅದೇ ಪೈಪಿನಲ್ಲಿ, ಅದೇ ಬಕೆಟ್‌ನಲ್ಲಿ, ತಾರೀಕು ಕಾಣುವ ಫೋಟೋ ಜೊತೆ. ಗಣಿ ನಿಮ್ಮ ಅಡಿಗೆ ಬರುವಾಗ ದಿನಾ ಮಾಡಿ.

ಇನ್ನೊಂದು ಮುಖ್ಯ ಮಾತು. ಸಿಟ್ಟಿನಲ್ಲಿ ಅವರ ಸರ್ವೆಯವರನ್ನು ಗೇಟಿನಿಂದಲೇ ಓಡಿಸಬೇಡಿ. ಇಲ್ಲಿ 1994ರ ಆಕ್ಟ್ 54 ಅಂತ ಕಾನೂನಿದೆ. ಗಣಿಯಿಂದ ಕೆಟ್ಟ ನೀರಿನ ಮೂಲವನ್ನು ಕಂಪನಿಯೇ ಸರಿಪಡಿಸಬೇಕು, ಇಲ್ಲವೇ ಬದಲಿ ಕೊಡಬೇಕು. ಒಂದು ಗಡಿಯೊಳಗಿನ ಒರತೆ, ಬಾವಿ ಕೆಟ್ಟರೆ ಗಣಿಯೇ ಕಾರಣ ಅಂತ ಕಾನೂನು ಮೊದಲೇ ಭಾವಿಸುತ್ತದೆ, ಅಲ್ಲ ಅಂತ ತೋರಿಸುವುದು ಕಂಪನಿಯ ಕೆಲಸ. ಆದರೆ ಸರ್ವೆಗೆ ನೀವು ಬಿಡಲಿಲ್ಲ ಅಂದರೆ ಆ ಅನುಕೂಲ ಹೋಯಿತು. ಬರಲಿ, ಪಕ್ಕದಲ್ಲೇ ನಿಂತು ನೋಡಿ, ಅವರು ಬಾಟಲಿ ತುಂಬುವಾಗ ನೀವೂ ಒಂದು ಬಾಟಲಿ ತುಂಬಿ ನಿಮ್ಮ ಲ್ಯಾಬಿಗೆ ಕಳಿಸಿ, ಅವರ ವರದಿಯ ಪ್ರತಿ ಕೇಳಿ ಇಟ್ಟುಕೊಳ್ಳಿ.

ನಮ್ಮ ಕೌಂಟಿಯ ರೈಯರ್ಸನ್ ಸ್ಟೇಷನ್ ಪಾರ್ಕಿನಲ್ಲಿ ಡ್ಯೂಕ್ ಲೇಕ್ ಅಂತ ಕೆರೆ ಇತ್ತು. 2005ರಲ್ಲಿ ಅದರ ಅಣೆಕಟ್ಟು ಬಿರುಕು ಬಿಟ್ಟು ನೀರು ಖಾಲಿ ಮಾಡಬೇಕಾಯಿತು. ಲಾಂಗ್‌ವಾಲ್ ಗಣಿಯೇ ಕಾರಣ ಎಂದು ರಾಜ್ಯದ ಪರಿಸರ ಇಲಾಖೆ ಹೇಳುವಷ್ಟರಲ್ಲಿ 2010 ಬಂದಿತ್ತು. ಸರ್ಕಾರದ ಕೆರೆಗೇ ಐದು ವರ್ಷ, ನಮ್ಮ ನಿಮ್ಮ ಒರತೆ ಯಾವ ಲೆಕ್ಕ.

ಗಣಿಮೇಸ್ತ್ರಿ:

ಎಲ್ಲ ಓದಿದೆ. ನಾನು ರಾಮಗುಂಡಂ ಕಡೆ ಕಲ್ಲಿದ್ದಲು ಗಣಿಯಲ್ಲಿ ಇದ್ದವನು, ಆದ್ದರಿಂದ ಇಲ್ಲಿ ನನ್ನನ್ನು ಖಳನಾಯಕ ಅಂದುಕೊಂಡರೂ ಬೇಜಾರಿಲ್ಲ. ಎರಡು ಮಾತು ಸರಿಪಡಿಸಬೇಕು.

ಒಂದು, ಲಾಂಗ್‌ವಾಲ್ ಅಂದರೆ ಸುರಂಗ ಕೊರೆದು ಬಿಡುವುದಲ್ಲ. ಸಾವಿರ ಅಡಿಗೂ ಅಗಲದ ಕಲ್ಲಿದ್ದಲ ಗೋಡೆಯನ್ನು ಯಂತ್ರ ಆ ತುದಿಯಿಂದ ಈ ತುದಿಗೆ ಕೆರೆಯುತ್ತಾ ಹೋಗುತ್ತದೆ. ತಲೆ ಮೇಲೆ ಕಬ್ಬಿಣದ ಷೀಲ್ಡ್‌ಗಳು ಛಾವಣಿ ಹೊತ್ತು ನಿಂತಿರುತ್ತವೆ. ಯಂತ್ರ ಮುಂದೆ ಸರಿದಂತೆ ಷೀಲ್ಡೂ ಮುಂದೆ ಸರಿಯುತ್ತದೆ, ಹಿಂದಿನ ಛಾವಣಿ ಬೀಳುತ್ತದೆ. ಬೀಳಲೇಬೇಕು, ಅದೇ ಪದ್ಧತಿ. ಬಿದ್ದ ಜಾಗಕ್ಕೆ ನಾವು ಗೋಫ್ ಅನ್ನುತ್ತೇವೆ. ಮೊದಲ ಸಲ ಆ ಸದ್ದು ಕೇಳಿದವನು ರಾತ್ರಿ ಮಲಗುವುದಿಲ್ಲ. ಗೋಫ್‌ಗೆ ಹತ್ತಿರದ ಬಂಡೆ ಪುಡಿಯಾಗುತ್ತದೆ, ಅದರ ಮೇಲಿನದು ಸೀಳುತ್ತದೆ, ಇನ್ನೂ ಮೇಲಿನದು ಸುಮ್ನೆ ಬಾಗುತ್ತದೆ, ನೆಲದ ಹತ್ತಿರದ್ದು ಮತ್ತೆ ಬಿರುಕು ಬಿಡುತ್ತದೆ. ನಡುವಿನ ಆ ಬಾಗುವ ಪದರ ದಪ್ಪಗಿದ್ದು, ಜೇಡಿ ಅಂಶ ಇದ್ದರೆ ಒರತೆ ಒಂದಿಷ್ಟು ತಿಂಗಳು ತಪ್ಪಿಸಿಕೊಂಡು ಮತ್ತೆ ಬರುವುದೂ ಉಂಟು. ಎಲ್ಲ ಒರತೆಯೂ ಸಾಯುವುದಿಲ್ಲ.

ಬೆಟ್ಟದತುದಿಯವರು ಹೇಳಿದ ಗಡಿಯನ್ನು ನೀವೇ ಲೆಕ್ಕ ಹಾಕಬಹುದು. ಕಲ್ಲಿದ್ದಲು ತೆಗೆಯುವ ಅಂಚಿನಿಂದ ನೇರ ಮೇಲಕ್ಕೆ ಒಂದು ಗೆರೆ, ಅದರಿಂದ 35 ಡಿಗ್ರಿ ಹೊರಕ್ಕೆ ವಾಲಿದ ಇನ್ನೊಂದು ಗೆರೆ. ಅದು ನೆಲ ಮುಟ್ಟುವಲ್ಲಿ ಗಡಿ. ಆಳವನ್ನು 0.7ರಿಂದ ಗುಣಿಸಿದರೆ ಸಾಕು. ಗಣಿ 600 ಅಡಿ ಆಳದಲ್ಲಿದ್ದರೆ ಅಂಚಿನಿಂದ 420 ಅಡಿ ದೂರದವರೆಗೆ. ನಿಮ್ಮ ಒರತೆ ಒಳಗಿದೆಯೋ ಹೊರಗಿದೆಯೋ ಅಂತ ಕಾಗದದ ಜೊತೆ ಬಂದ ನಕ್ಷೆಯಲ್ಲಿ ಸ್ಕೇಲ್ ಇಟ್ಟು ನೋಡಿ.

ಎರಡನೇ ಮಾತು. ಬರೀ ನಿಮ್ಮ ಒರತೆಯ ಲೆಕ್ಕ ಎಷ್ಟು ಚೆನ್ನಾಗಿಟ್ಟರೂ, ಆ ವರ್ಷ ಬರ ಬಿತ್ತು ಅಂತ ಎದುರಿನವರು ಹೇಳುತ್ತಾರೆ, ಕೆಲವು ಸಲ ಅದು ನಿಜವೂ ಆಗಿರುತ್ತದೆ. ಅದಕ್ಕೆ ಗಣಿ ತಲುಪದ ದೂರದಲ್ಲಿ, ಇದೇ ಥರದ ಗುಡ್ಡದಲ್ಲಿ ಇನ್ನೊಂದು ಒರತೆ ಹುಡುಕಿ. ಎರಡನ್ನೂ ಒಂದೇ ದಿನ ಅಳೆಯಿರಿ. ಬರ ಬಂದರೆ ಎರಡೂ ಇಳಿಯುತ್ತವೆ. ನಿಮ್ಮದೊಂದೇ ಇಳಿದರೆ ಮಾತೇ ಬೇಡ. ಮಳೆ ಅಳೆಯುವ ಡಬ್ಬವೂ ಅಂಗಳದಲ್ಲಿರಲಿ. ಮತ್ತೆ ನಿಮ್ಮ ಕೌಂಟಿಯಲ್ಲಿ ಕಲ್ಲಿದ್ದಲ ಜೊತೆಗೆ ಗ್ಯಾಸ್ ಬಾವಿಗಳೂ ತುಂಬಾ ಇವೆ. ಅವುಗಳ ನೀರು ಸೋರಿದರೆ ಕ್ಲೋರೈಡ್, ಬ್ರೋಮೈಡ್, ಬೇರಿಯಂ, ಸ್ಟ್ರಾನ್ಶಿಯಂ ಏರುತ್ತವೆ. ಕಲ್ಲಿದ್ದಲಿನದಾದರೆ ಸಲ್ಫೇಟ್ ಜೋರು. ಮೊದಲ ಸಲ ದುಡ್ಡು ಖರ್ಚಾದರೂ ಇವನ್ನೂ ಸೇರಿಸಿ ಮಾಡಿಸಿ. ಇಲ್ಲದಿದ್ದರೆ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು.

ಜೋವಾಯಿಯಲ್ಲಿದ್ದವ:

ನಾನು ಲ್ಯಾಬಿನವನೂ ಅಲ್ಲ, ಗಣಿಯವನೂ ಅಲ್ಲ, ಬ್ಯಾಂಕಿನವನು. ಮೇಘಾಲಯದ ಜೈಂತಿಯಾ ಗುಡ್ಡಗಳಲ್ಲಿ ಮೂರು ವರ್ಷ ಇದ್ದೆ. ಅಲ್ಲಿ ಇಲಿಬಿಲದಂಥ ಗುಂಡಿ ತೋಡಿ ಕಲ್ಲಿದ್ದಲು ತೆಗೆಯುತ್ತಿದ್ದರು, 2014ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ನಿಷೇಧಿಸಿತು. ನಿಷೇಧ ಬಂದರೂ ಬಿಟ್ಟ ಗುಂಡಿಗಳಿಂದ ನೀರು ಬರುವುದು ನಿಲ್ಲುತ್ತದಾ?

ಅಲ್ಲಿ ಲೂಖಾ ಅಂತ ನದಿ. ಚಳಿಗಾಲದಲ್ಲಿ ಸೋನಾಪುರದ ಹತ್ತಿರ ಬಸ್ಸಿನಿಂದ ನೋಡಿದೆ, ಕಡು ನೀಲಿ. ಬಟ್ಟೆಗೆ ಹಾಕುವ ನೀಲಿ ಕರಗಿಸಿದ ಹಾಗೆ. ತಳದ ಕಲ್ಲು ಒಂದೊಂದೂ ಕಾಣುತ್ತಿತ್ತು. ಎಂಥ ಚೆಂದ ಅಂತ ಇಳಿದು ಫೋಟೋ ತೆಗೆದೆ. ಪಕ್ಕದಲ್ಲಿ ಚಹಾ ಅಂಗಡಿಯವ ಹೇಳಿದ, ಇದರಲ್ಲಿ ಮೀನಿಲ್ಲ ಬಾಬು. ಮತ್ತೆ ನೋಡಿದೆ. ಮೀನಿಲ್ಲ, ಪಾಚಿಯಿಲ್ಲ, ನೀರಿನ ಮೇಲೆ ಒಂದು ಹುಳ ಸಹ ಇಲ್ಲ. ಅಷ್ಟು ತಿಳಿಯಾಗಿದ್ದದ್ದು ಬದುಕಿದ್ದು ಏನೂ ಇಲ್ಲ ಅನ್ನುವ ಕಾರಣಕ್ಕೆ. ಅಸ್ಸಾಂ ಗಡಿಯ ಕೋಪಿಲಿ ಜಲವಿದ್ಯುತ್ ಕೇಂದ್ರದ ಕಬ್ಬಿಣದ ಯಂತ್ರಗಳನ್ನೇ ಇಂಥ ನೀರು ತಿಂದು ಹಾಕಿದೆ, ಮೀನು ಯಾವ ಲೆಕ್ಕ.

ಆವತ್ತಿನಿಂದ ನನಗೆ ನೀರು ತಿಳಿಯಾಗಿದೆ ಅಂದರೆ ನಂಬಿಕೆ ಇಲ್ಲ, ಕಲ್ಲು ಎತ್ತಿ ನೋಡುತ್ತೇನೆ. ಮೇಡಂ, ನೀವೂ ಹಳ್ಳದಲ್ಲಿ ಮುಷ್ಟಿ ಗಾತ್ರದ ಕಲ್ಲು ಎತ್ತಿ ತಿರುಗಿಸಿ ನೋಡಿ. ಹಿಂದೆ ಮೂರು ಬಾಲ ಇರುವ ಚಪ್ಪಟೆ ಮರಿಹುಳ ಮೇಫ್ಲೈ, ಎರಡು ಬಾಲದ್ದು ಸ್ಟೋನ್‌ಫ್ಲೈ, ಮರಳಿನ ಕಾಳು ಅಂಟಿಸಿಕೊಂಡು ಚೀಲ ಕಟ್ಟಿಕೊಂಡಿರುವುದು ಕ್ಯಾಡಿಸ್‌ಫ್ಲೈ. ಈ ಮೂರೂ ಕೆಟ್ಟ ನೀರು ತಡೆಯುವುದಿಲ್ಲ. ಮೀಟರ್ ಹಿಡಿದ ಆ ಒಂದು ನಿಮಿಷದ ನೀರನ್ನು ಹೇಳುತ್ತದೆ. ಹುಳ ತಾನು ಅಲ್ಲಿ ಕಳೆದ ತಿಂಗಳುಗಳ ನೀರನ್ನೆಲ್ಲ ಹೇಳುತ್ತದೆ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಅವು ನಮಗಿಂತ ಬೇಗ ಹುಡುಕುತ್ತವೆ.

ಅಬ್ಬಿಮನೆ:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರದ ಮೇಲೆ ಮತ್ತೆ ಬಂದೆ. ಮೀಟರ್ ಬಂತು, ದ್ರಾವಣವನ್ನೂ ತರಿಸಿದೆ ಸರ್, ಬೈಯಬೇಡಿ. ಒರತೆಯಲ್ಲಿ ಬಕೆಟ್ ತುಂಬಲು 41, 40, 42 ಸೆಕೆಂಡ್, ನಿಮಿಷಕ್ಕೆ ಸುಮಾರು 28 ಲೀಟರ್ ಆಯಿತು. ನೀರು 11.5 ಡಿಗ್ರಿ ಸೆಲ್ಸಿಯಸ್, ಪಿಎಚ್ 7.2, ಕಂಡಕ್ಟಿವಿಟಿ 430. ಹಳ್ಳದಲ್ಲಿ ರಸ್ತೆಯ ಮೋರಿಯಿಂದ ಮೇಲೆ 450, ಮೋರಿಯ ಕೆಳಗೆ 690! ಇನ್ನೂ ಗಣಿಯೇ ಬಂದಿಲ್ಲ, ಇದೇನು?

ನಕ್ಷೆಯಲ್ಲಿ ಸ್ಕೇಲ್ ಇಟ್ಟು ನೋಡಿದೆ, ಒರತೆ ಪ್ಯಾನಲ್‌ನ, ಅಂದರೆ ಕಲ್ಲಿದ್ದಲು ತೆಗೆಯುವ ಪಟ್ಟಿಯ, ಸರಿಯಾಗಿ ಮೇಲೇ ಇದೆ. ಕಲ್ಲು ಎತ್ತಿ ನೋಡಿದೆವು, ಮಗಳಿಗೆ ಚೀಲದ ಹುಳ ಏಳು ಸಿಕ್ಕಿದವು, ಒಂದಕ್ಕೆ ಹೆಸರೂ ಇಟ್ಟಿದ್ದಾಳೆ.

ಹಳೇಲ್ಯಾಬು:

ರಸ್ತೆಗೆ ಚಳಿಗಾಲದಲ್ಲಿ ಉಪ್ಪು ಎರಚುತ್ತಾರಲ್ವಾ, ಅದು ಮೋರಿಯಿಂದ ಇಳಿದಿರುತ್ತದೆ. ಕ್ಲೋರೈಡ್ ಮಾಡಿಸಿ ಅಂದದ್ದು ಇದಕ್ಕೇ. ಕಂಡಕ್ಟಿವಿಟಿ ಏನೋ ಬಂದಿದೆ ಅಂತ ಹೇಳುತ್ತದೆ, ಯಾರು ಅಂತ ಹೇಳುವುದಿಲ್ಲ. ಕ್ಲೋರೈಡ್ ಏರಿದ್ದರೆ ಉಪ್ಪು ಅನ್ನಿ, ಸಲ್ಫೇಟ್ ಏರಿದ್ದರೆ ಗಣಿ. ಹಳ್ಳದಲ್ಲಿ ಇನ್ನು ಮುಂದೆ ಮೋರಿಯ ಮೇಲೊಂದು, ಕೆಳಗೊಂದು, ಎರಡೂ ಜಾಗ ಅಳೆಯಿರಿ, ಮರಕ್ಕೆ ರಿಬ್ಬನ್ ಕಟ್ಟಿ ಗುರುತು ಮಾಡಿ.

430 ನೋಡಿ ಗಾಬರಿ ಬೇಡ. ಹುಡುಕಿದರೆ 300 ಅನ್ನುವ ಅಂಕಿ ನಿಮಗೆ ಸಿಗುತ್ತದೆ. ಅದು ವೆಸ್ಟ್ ವರ್ಜೀನಿಯಾ, ಕೆಂಟಕಿ ಕಡೆಯ ಹಳ್ಳಗಳ ಹುಳಗಳನ್ನು ನೋಡಿ ನಿಮ್ಮ ದೇಶದ ಪರಿಸರ ಸಂಸ್ಥೆ ಇಪಿಎ 2011ರಲ್ಲಿ ಹೇಳಿದ್ದು, ಕುಡಿಯುವ ನೀರಿಗಲ್ಲ. ನಿಮ್ಮಮ್ಮ ಒಂಚೂರು ಗಡಸು ಅಂದರಲ್ಲ, ಆ ಸುಣ್ಣವೇ ಈ 430ರಲ್ಲಿ ಬಹುಪಾಲು ಇರಬೇಕು. ನಾಲಿಗೆ ಒಳ್ಳೇದಿದೆ ಅವರದು.

ಬೆಟ್ಟದತುದಿ:

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಡಂಕರ್ಡ್ ಕ್ರೀಕ್‌ನಲ್ಲಿ 2009ರ ಸೆಪ್ಟೆಂಬರ್‌ನಲ್ಲಿ ಮೈಲಿಗಟ್ಟಲೆ ಮೀನು, ಕಪ್ಪೆಚಿಪ್ಪು ಎಲ್ಲ ಸತ್ತವು. ಆಮ್ಲದಿಂದಲ್ಲ. ಗಣಿಯಿಂದ ಬಿಟ್ಟ ಉಪ್ಪುನೀರಿನಲ್ಲಿ ಸಮುದ್ರದ ಕಡೆ ಬೆಳೆಯುವ ಥರದ ಚಿನ್ನದ ಬಣ್ಣದ ಪಾಚಿ ಬೆಳೆದು, ಅದರ ವಿಷಕ್ಕೆ ಸತ್ತದ್ದು. ಪಿಎಚ್ ಮಾತ್ರ ನೋಡುತ್ತಾ ಕೂತಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ.

ಅಕ್ಕ, ದೂರದ ಒರತೆ ಒಂದು ಹುಡುಕಬೇಕಲ್ವಾ, ಶನಿವಾರ ನಾನು ಬರುತ್ತೇನೆ, ಇಬ್ಬರೂ ಸೇರಿ ಸುತ್ತಾಡಿ ಕೇಳೋಣ. ನಿಮ್ಮ ಊರಿನ ಹಳೇ ರೈತರಿಗೆ ಎಲ್ಲ ಗೊತ್ತಿರುತ್ತದೆ. ಬರುವಾಗ ಬಕೆಟ್ ತರಲಾ? ನನ್ನ ಹತ್ತಿರ ಗೆರೆ ಹಾಕಿದ್ದು ಒಂದಿದೆ.

ಅಬ್ಬಿಮನೆ:

ಬನ್ನಿ, ಉಪ್ಪಿಟ್ಟು ಮಾಡಿರುತ್ತೇನೆ. ಬಕೆಟ್ ಮಾತ್ರ ಬೇಡ. ಅದೇ ಬಕೆಟ್ ಅಂತ ನೀವೇ ಬರೆದಿದ್ದೀರಿ. ನಮ್ಮ ಯಜಮಾನರು ನಿನ್ನೆ ಅದನ್ನು ಕಾರು ತೊಳೆಯಲು ತೆಗೆದುಕೊಂಡು ಹೋಗಿದ್ದಕ್ಕೇ ಮನೆಯಲ್ಲಿ ಒಂದು ಸುತ್ತು ಆಗಿದೆ, ಈಗ ಅದರ ಮೇಲೆ ಮಾರ್ಕರ್‌ನಲ್ಲಿ "ಒರತೆ" ಅಂತ ಬರೆದು ಬೀಗ ಇರುವ ಶೆಡ್‌ನಲ್ಲಿ ಇಟ್ಟಿದ್ದೇನೆ.